ಚಿಕ್ಕ ಗಾಡಿ, ದೊಡ್ಡ ಎಂಜಿನ್

ಬೆಳಗಿನ ಜಾವದಲ್ಲಿ ಬೀದರ ನಗರದತ್ತ ಹೊರಟು ಬರುವ ದಾರಿಗಳನ್ನು ನೋಡಿದವರಿಗೆ ಒಂದು ದೃಶ್ಯ ಚಿರಪರಿಚಿತ. ಭಾಲ್ಕಿಯ ಕಡೆಯಿಂದ ಸುಮಾರು 40 ಕಿಲೋಮೀಟರು, ಔರಾದದ ಕಡೆಯಿಂದ ಅದಕ್ಕಿಂತ ತುಸು ಹೆಚ್ಚು ದೂರವನ್ನು ಕ್ರಮಿಸಿ, ತರಕಾರಿ ಬುಟ್ಟಿಗಳನ್ನೋ ತೊಗರಿ, ಸೋಯಾಬೀನ್ ಚೀಲಗಳನ್ನೋ ಹೊತ್ತ ಚಿಕ್ಕ ಪಿಕಪ್ ಗಾಡಿಗಳು ಸಾಲುಗಟ್ಟಿ ಬರುತ್ತವೆ. ಹಗಲೇರಿದಂತೆ ಅವೇ ಗಾಡಿಗಳು ಮದುವೆ ಮನೆಯ ಪಾತ್ರೆಪಡಗಗಳನ್ನು, ಮನೆ ಬದಲಾಯಿಸುವವರ ಮಂಚ-ಕಪಾಟುಗಳನ್ನು, ಅಂಗಡಿಯ ಸಿಮೆಂಟು ಮೂಟೆಗಳನ್ನು ಸಾಗಿಸುತ್ತವೆ. ಪಟ್ಟಣದ ಗೃಹಸ್ಥನಿಗೆ ಆ ಗಾಡಿಯ ಹೆಸರು ತಿಳಿಯದಿದ್ದರೂ ಅವನ ಅಡಿಗೆಮನೆಗೂ ಅದಕ್ಕೂ ನಿತ್ಯದ ನಂಟು ಉಂಟು.

ಇಂತಹ ಗಾಡಿಗೆ ಹತ್ತು ಹನ್ನೆರಡು ವರ್ಷ ತುಂಬಿತೆಂದರೆ ಎಂಜಿನ್ ಸೋಲತೊಡಗುತ್ತದೆ. ಹೊಗೆ ಹೆಚ್ಚುತ್ತದೆ, ಎಣ್ಣೆ ಕುಡಿಯುತ್ತದೆ, ಮಾಂಜ್ರಾ ನದಿಯ ಬಯಲಿನಿಂದ ಬೀದರ ಪ್ರಸ್ಥಭೂಮಿಗೆ ಏರುವ ದಾರಿಯಲ್ಲಿ ಏದುಸಿರು ಬಿಡುತ್ತದೆ. ಹೊಸ ಗಾಡಿ ಕೊಳ್ಳಲು ಹಣವಿಲ್ಲ. ಹಳೆಯದನ್ನು ಮಾರಿದರೆ ಸಿಕ್ಕುವುದು ಅಲ್ಪ. ಆಗ ಮಾಲೀಕನ ಮನಸ್ಸಿನಲ್ಲಿ ಒಂದು ಆಸೆ ಮೊಳೆಯುತ್ತದೆ: ಗಾಡಿಯ ಮೈ ಹೇಗಿದೆಯೋ ಹಾಗೆಯೇ ಇರಲಿ, ಅದರೊಳಗೆ ಟರ್ಬೊ ಇರುವ ಹೊಸ ಎಂಜಿನ್ನನ್ನು ಕೂರಿಸಿಬಿಟ್ಟರೆ ಹೇಗೆ? ಮೇಲುನೋಟಕ್ಕೆ ಈ ಆಸೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಇದರೊಳಗೆ ಯಂತ್ರಶಾಸ್ತ್ರವೂ ಕಾನೂನೂ ಒಂದು ಸಂಸಾರದ ಅನ್ನವೂ ಒಟ್ಟಿಗೆ ಹೆಣೆದುಕೊಂಡಿವೆ.

ಹಳೆಯ ಪದ್ಧತಿ

ಒಂದು ವಾಹನದ ಎಂಜಿನ್ನನ್ನು ಕಳಚಿ ಮತ್ತೊಂದನ್ನು ಜೋಡಿಸುವುದು ನಮ್ಮ ದೇಶಕ್ಕೆ ಹೊಸದಲ್ಲ. 1973ರ ತೈಲ ಬಿಕ್ಕಟ್ಟಿನಲ್ಲಿ ಪೆಟ್ರೋಲಿನ ಬೆಲೆ ಗಗನಕ್ಕೇರಿದಾಗ ಪೆಟ್ರೋಲ್ ಜೀಪುಗಳಿಗೂ ಅಂಬಾಸಿಡರ್ ಕಾರುಗಳಿಗೂ ಡೀಸೆಲ್ ಎಂಜಿನ್ ಹಾಕಿಸಿದವರು ಬಹಳ ಮಂದಿ. ಅಂದಿನ ಎಂಜಿನ್ನುಗಳು ಸರಳವಾಗಿದ್ದುವು. ಕಬ್ಬಿಣದ ದಿಮ್ಮಿ, ಎಣ್ಣೆಯ ಪಂಪು, ನಾಲ್ಕಾರು ತಂತಿ; ಇಷ್ಟನ್ನು ಬಲ್ಲ ಮಿಸ್ತ್ರಿಯು ಬೆಸುಗೆ ಯಂತ್ರವೊಂದನ್ನು ಇಟ್ಟುಕೊಂಡು ಕಾರ್ಯವನ್ನು ಸಾಧಿಸಬಲ್ಲವನಾಗಿದ್ದ.

ಬೀದರದ ನೆರೆಯಲ್ಲಿಯೇ ಚಿಕ್ಕ ಲಾರಿಗಳ ಇತಿಹಾಸದ ಒಂದು ಅಧ್ಯಾಯ ನಡೆದುಹೋಗಿದೆ. ನಗರದಿಂದ ಸುಮಾರು 30 ಕಿಲೋಮೀಟರು ದೂರದಲ್ಲಿರುವ, ಇಂದು ತೆಲಂಗಾಣಕ್ಕೆ ಸೇರಿದ ಜಹೀರಾಬಾದಿನಲ್ಲಿ 1980ರ ದಶಕದಲ್ಲಿ ಹೈದರಾಬಾದಿನ ಆಲ್ವಿನ್ ಸಂಸ್ಥೆಯು ಜಪಾನಿನ ನಿಸ್ಸಾನ್ ಸಂಸ್ಥೆಯೊಡನೆ ಕೂಡಿ ಹಗುರ ಲಾರಿಗಳನ್ನು ತಯಾರಿಸತೊಡಗಿತು. ಅದೇ ಕಾಲದಲ್ಲಿ ಟೊಯೊಟಾ, ಮಜ್ದಾ, ಮಿತ್ಸುಬಿಷಿ ಹೆಸರಿನ ಗಾಡಿಗಳೂ ಭಾರತಕ್ಕೆ ಬಂದುವು. ಇವಕ್ಕೆ ಎದುರಾಗಿ ಟಾಟಾ ಸಂಸ್ಥೆಯು 1986ರಲ್ಲಿ 407 ಎಂಬ ಲಾರಿಯನ್ನು ಹೊರತಂದಿತು. ಆಲ್ವಿನ್-ನಿಸ್ಸಾನ್ ಮುಂದೆ ಮಹೀಂದ್ರ ಸಂಸ್ಥೆಯ ಪಾಲಾಯಿತು. ಇಂತಹ ಪಾಲುಗಾರಿಕೆಗಳು ಮುರಿದಾಗಲೆಲ್ಲ ಗಾಡಿ ಉಳಿದು ಬಿಡಿಭಾಗ ದುರ್ಲಭವಾಗುತ್ತದೆ. ಆಗ ಬೇರೆ ಎಂಜಿನ್ ಹಾಕಿಸುವ ಪ್ರಸಂಗ ತಾನಾಗಿಯೇ ಒದಗುತ್ತದೆ.

ಅರ್ಧ ಎಂಜಿನಿನ ಕಥೆ

ಇಂದು ಈ ಚರ್ಚೆ ಹೆಚ್ಚಾಗಿ ಸುತ್ತುವುದು 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್ ಬಗೆಯ ಗಾಡಿಗಳನ್ನು. ಜನ ಅದಕ್ಕೆ ಪ್ರೀತಿಯಿಂದ ‘ಛೋಟಾ ಹಾಥಿ’ ಎಂದು ಹೆಸರಿಟ್ಟರು. ಗಿರೀಶ್ ವಾಘ್ ಅವರ ನೇತೃತ್ವದ ತಂಡ ಅದನ್ನು ರೂಪಿಸುವಾಗ ಎಂಜಿನಿಗಾಗಿ ದೂರ ಹುಡುಕಲಿಲ್ಲ. ಸಂಸ್ಥೆಯ ಇಂಡಿಕಾ ಕಾರಿಗೆ 1405 ಘನ ಸೆಂಟಿಮೀಟರಿನ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ ಇದ್ದಿತು. ಅದನ್ನೇ ಅರ್ಧ ಮಾಡಿದಂತೆ ಎರಡು ಸಿಲಿಂಡರಿನ, 702 ಘನ ಸೆಂಟಿಮೀಟರಿನ ಎಂಜಿನ್ನನ್ನು ಸಿದ್ಧಪಡಿಸಿದರು. ಅದರ ಬಲ ಕೇವಲ 16 ಅಶ್ವಶಕ್ತಿ. ಮುಕ್ಕಾಲು ಟನ್ ಹೊರೆಯನ್ನು ಹೊತ್ತು ಊರೊಳಗಿನ ಕಿರುದಾರಿಗಳಲ್ಲಿ ಮೆಲ್ಲಗೆ ಸಾಗುವುದಕ್ಕೆ ಅಷ್ಟು ಸಾಕಾಗಿತ್ತು.

ಅನಂತರ ಆ ಸಂಸ್ಥೆಯೇ ‘ಅರ್ಧ’ದ ಬದಲು ‘ಪೂರ್ಣ’ ಎಂಜಿನ್ನನ್ನು ಚಿಕ್ಕ ಗಾಡಿಗೆ ಕೊಟ್ಟಿತು. 2009ರಲ್ಲಿ ಬಂದ ಸೂಪರ್ ಏಸ್ ಎಂಬ ಗಾಡಿಯಲ್ಲಿ 1405 ಘನ ಸೆಂಟಿಮೀಟರಿನ ಎಂಜಿನಿಗೆ ಟರ್ಬೊ ಜೋಡಿಸಿ 70 ಅಶ್ವಶಕ್ತಿಯನ್ನು ಹೊರಡಿಸಲಾಯಿತು. ಆದರೆ ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ತಯಾರಕರು ಹಳೆಯ ಏಸ್ ಗಾಡಿಯ ಚೌಕಟ್ಟಿನಲ್ಲಿ ಆ ಎಂಜಿನ್ನನ್ನು ತುರುಕಲಿಲ್ಲ. ಉದ್ದವಾದ ಬೇರೆ ಚೌಕಟ್ಟನ್ನು ಮಾಡಿದರು. 12 ಅಂಗುಲದ ಚಕ್ರಗಳ ಬದಲು 14 ಅಂಗುಲದ ಚಕ್ರಗಳನ್ನು ಕೊಟ್ಟರು. ಒಂದು ಟನ್ ಹೊರೆಗೆ ತಕ್ಕ ಬೇರೊಂದು ಗಾಡಿಯನ್ನೇ ಕಟ್ಟಿದರು. ಕಾರ್ಖಾನೆಯನ್ನೇ ಕೈಯಲ್ಲಿಟ್ಟುಕೊಂಡವರು ಮಾಡಲೊಲ್ಲದ ಕೆಲಸವನ್ನು ರಸ್ತೆ ಬದಿಯ ಗ್ಯಾರೇಜು ಎರಡು ದಿನದಲ್ಲಿ ಮಾಡಿಕೊಡುವುದೆಂದರೆ ಮಾಲೀಕನು ಒಂದು ಗಳಿಗೆ ಯೋಚಿಸಬೇಕಾಗುತ್ತದೆ.

ಉಸಿರು ತುಂಬುವ ಯಂತ್ರ

ಟರ್ಬೊ ಎಂಬುದು ಏನು? ಒಲೆಗೆ ಊದುಗೊಳವೆ ಹೇಗೋ ಎಂಜಿನಿಗೆ ಅದು ಹಾಗೆ. ಒಂದು ಲೀಟರು ಡೀಸೆಲ್ ಚೆನ್ನಾಗಿ ಉರಿಯಬೇಕಾದರೆ ಸುಮಾರು 12 ಕಿಲೋಗ್ರಾಂ ಗಾಳಿ, ಅಂದರೆ ಹತ್ತು ಸಾವಿರ ಲೀಟರಿನಷ್ಟು ಗಾಳಿ ಬೇಕು. ಸಾಮಾನ್ಯ ಎಂಜಿನ್ ತನ್ನ ಕೊಂತದ ಎಳೆತದಿಂದ ಎಷ್ಟು ಗಾಳಿ ಬಂದೀತೋ ಅಷ್ಟರಲ್ಲಿಯೇ ತೃಪ್ತಿ ಪಡಬೇಕು. ಬೀದರವು ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಕಡಲತೀರಕ್ಕಿಂತ ಶೇಕಡ 6ರಷ್ಟು ಕಡಮೆ. ಬೇಸಗೆಯ ಉರಿಬಿಸಿಲಿನಲ್ಲಿ ಅದು ಇನ್ನೂ ತೆಳುವಾಗುತ್ತದೆ.

ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬೂಕಿ ಎಂಬ ಎಂಜಿನಿಯರು ಎಂಜಿನಿನ ಹೊಗೆಕೊಳವೆಯಲ್ಲಿ ವ್ಯರ್ಥವಾಗಿ ಹೋಗುವ ಶಕ್ತಿಯನ್ನು ಕಂಡು, 1905ರಲ್ಲಿ ಈ ಉಪಾಯಕ್ಕೆ ಪೇಟೆಂಟು ಪಡೆದ. ಹೊರಹೋಗುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಸೇರಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನಿನೊಳಗೆ ತುಂಬುತ್ತದೆ. ಚಿಕ್ಕ ಎಂಜಿನ್ನುಗಳಲ್ಲಿ ಈ ದಂಡ ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರಿ ತಿರುಗುತ್ತದೆ. 1918ರಲ್ಲಿ ಅಮೆರಿಕದವರು ವಿಮಾನದ ಎಂಜಿನಿಗೆ ಟರ್ಬೊ ಜೋಡಿಸಿ, ಪೈಕ್ಸ್ ಪೀಕ್ ಎಂಬ 14,000 ಅಡಿ ಎತ್ತರದ ಬೆಟ್ಟದ ಮೇಲೆ ಅದನ್ನು ಪರೀಕ್ಷಿಸಿದರು. ತೆಳುಗಾಳಿಯಲ್ಲಿಯೂ ಎಂಜಿನ್ ಬಲಗುಂದಲಿಲ್ಲ.

ಇದರ ಫಲವನ್ನು ಇಂಡಿಕಾ ಎಂಜಿನಿನಲ್ಲಿಯೇ ಕಾಣಬಹುದು. ಟರ್ಬೊ ಇಲ್ಲದಾಗ ಅದೇ 1405 ಘನ ಸೆಂಟಿಮೀಟರಿನಿಂದ ಸುಮಾರು 53 ಅಶ್ವಶಕ್ತಿ, 85 ನ್ಯೂಟನ್-ಮೀಟರ್ ತಿರುಚುಬಲ ದೊರೆಯುತ್ತಿದ್ದಿತು. ಟರ್ಬೊ ಮತ್ತು ಗಾಳಿ ತಣಿಸುವ ಇಂಟರ್‌ಕೂಲರ್ ಬಂದ ಮೇಲೆ ಅದು 70 ಅಶ್ವಶಕ್ತಿಗೂ 135 ನ್ಯೂಟನ್-ಮೀಟರಿಗೂ ಏರಿತು. ಹಳೆಯ ಏಸ್ ಎಂಜಿನಿನ ತಿರುಚುಬಲವಾದರೋ 38 ನ್ಯೂಟನ್-ಮೀಟರ್ ಮಾತ್ರ. ಎಂದರೆ ಏಸ್ ಗಾಡಿಗೆ ಇಂತಹ ಎಂಜಿನ್ ಹಾಕಿದವನು ಅದರ ಗೇರುಪೆಟ್ಟಿಗೆಗೆ ಮೂರೂವರೆ ಪಟ್ಟು ಬಲವನ್ನು ಉಣಬಡಿಸಿದಂತಾಯಿತು.

ಕೂರಿಸುವುದು ಬೇರೆ, ಹೊಂದಿಸುವುದು ಬೇರೆ

ಕ್ಲಚ್ಚು, ಗೇರುಪೆಟ್ಟಿಗೆ, ಹಿಂದಿನ ಅಚ್ಚಿಗೆ ಬಲ ಒಯ್ಯುವ ದಂಡ, ಅಚ್ಚಿನ ನಡುವಿನ ಹಲ್ಲುಚಕ್ರಗಳು — ಇವೆಲ್ಲ ಹಳೆಯ ಬಲಕ್ಕೆ ಲೆಕ್ಕ ಹಾಕಿ ಮಾಡಿದವು. ಆದುದರಿಂದ ಎಂಜಿನಿನೊಡನೆ ಅದರ ಗೇರುಪೆಟ್ಟಿಗೆಯನ್ನೂ ತರಬೇಕು. ಗೇರುಪೆಟ್ಟಿಗೆ ಬಂದರೆ ದಂಡದ ಉದ್ದ ಬದಲಾಗಬೇಕು. ದಂಡ ಬದಲಾದರೆ ಅದರ ತೂಕವನ್ನು ಸಮತೋಲಗೊಳಿಸಬೇಕು. ದೊಡ್ಡ ಎಂಜಿನ್ ಹೆಚ್ಚು ಶಾಖವನ್ನು ಹುಟ್ಟಿಸುತ್ತದೆ. ಹಳೆಯ ರೇಡಿಯೇಟರು ಅದನ್ನು ತಾಳದು. ಟರ್ಬೊ ದಂಡ ತೇಲುವುದು ಎಣ್ಣೆಯ ತೆಳುಪದರದ ಮೇಲೆ. ಎಣ್ಣೆಯ ಕೊಳವೆಯಲ್ಲಿ ಅಡಚಣೆಯಾದರೆ ಕೆಲವೇ ಕ್ಷಣಗಳಲ್ಲಿ ಅದು ಸುಟ್ಟುಹೋಗುತ್ತದೆ. ಗಾಳಿಶೋಧಕ ಸರಿಯಾಗಿ ಕೂರದಿದ್ದರೆ ಔರಾದದ ಹೊಲದಾರಿಯ ಧೂಳೇ ಅದರ ರೆಕ್ಕೆಗಳನ್ನು ಸವೆಸೀತು.

ಹೊಸ ತಲೆಮಾರಿನ ಕಾಮನ್ ರೇಲ್ ಎಂಜಿನ್ನುಗಳಲ್ಲಿ ತೊಡಕು ಇನ್ನೊಂದು ಬಗೆಯದು. ಅಲ್ಲಿ ಡೀಸೆಲನ್ನು ಯಾವಾಗ, ಎಷ್ಟು ಸಿಂಪಡಿಸಬೇಕೆಂಬುದನ್ನು ಒಂದು ಗಣಕಪೆಟ್ಟಿಗೆ ನಿರ್ಧರಿಸುತ್ತದೆ. ಹತ್ತಾರು ಸಂವೇದಕಗಳು ಅದಕ್ಕೆ ವರದಿ ಒಪ್ಪಿಸುತ್ತಿರುತ್ತವೆ. ಗಾಡಿಯ ಬೀಗದ ಕೈಯೂ ಅದರ ಗುರುತಿನದೇ ಆಗಿರಬೇಕು. ಎಂಜಿನ್ ಮಾತ್ರ ತಂದು ಪೆಟ್ಟಿಗೆಯನ್ನೂ ತಂತಿಯ ಸರಂಜಾಮನ್ನೂ ಬಿಟ್ಟು ಬಂದವನು ತಲೆಯಿಲ್ಲದ ಮೈಯನ್ನು ತಂದಂತೆಯೇ ಸರಿ.

ಎಲ್ಲಕ್ಕಿಂತ ಮಿಗಿಲಾದುದು ಬ್ರೇಕಿನ ಪ್ರಶ್ನೆ. ಗಂಟೆಗೆ 40 ಕಿಲೋಮೀಟರು ವೇಗದ ಗಾಡಿಯನ್ನು ನಿಲ್ಲಿಸಲು ಬ್ರೇಕು ಎಷ್ಟು ಶಕ್ತಿಯನ್ನು ನುಂಗಬೇಕೋ, ವೇಗ 60 ಆದಾಗ ಅದರ ಎರಡೂಕಾಲು ಪಟ್ಟನ್ನು ನುಂಗಬೇಕು. ಏಕೆಂದರೆ ವೇಗದೊಡನೆ ಚಲನಶಕ್ತಿ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. ಏರುದಾರಿಯಲ್ಲಿ ಹೊಸ ಎಂಜಿನ್ ತೋರಿದ ಶೌರ್ಯವನ್ನು ಇಳಿಜಾರಿನಲ್ಲಿ ಹಳೆಯ ಬ್ರೇಕು ತೋರಲಾರದು. ಮೆಲ್ಲಗೆ ಸಾಗುತ್ತಿದ್ದ ಗಾಡಿಯಲ್ಲಿ ಬೆಳಕಿಗೆ ಬಾರದ ಚೌಕಟ್ಟಿನ ಬಿರುಕು, ಸಡಿಲವಾದ ಸ್ಟೀಯರಿಂಗು, ಸವೆದ ಚಕ್ರ ಇವೆಲ್ಲ ವೇಗ ಬಂದಾಗ ಒಮ್ಮೆಲೇ ತಮ್ಮ ಬಣ್ಣ ತೋರುತ್ತವೆ. ಸರಕಿನ ಗಾಡಿಯಲ್ಲಿ ಆಳುಗಳನ್ನೂ ಮದುವೆಯ ದಿಬ್ಬಣವನ್ನೂ ಕೂರಿಸಿಕೊಂಡು ಹೋಗುವ ಅಭ್ಯಾಸ ಕಾನೂನಿಗೆ ವಿರುದ್ಧವಾದರೂ ಹಳ್ಳಿಗಾಡಿನಲ್ಲಿ ನಿಂತಿಲ್ಲ. ಆಗ ಪಣಕ್ಕೆ ಬೀಳುವುದು ಎಂಜಿನಿನ ಬೆಲೆಯಲ್ಲ, ಜೀವಗಳು.

ಕಾನೂನಿನ ಮಾತು

1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣವು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ತಯಾರಕರು ಮೂಲತಃ ನಿರ್ದೇಶಿಸಿದ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ಬೇರೆಯಾಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸಕೂಡದು. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182-ಎ ಪ್ರಕರಣದ ಪ್ರಕಾರ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡೂ ಒದಗಬಹುದು.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಕೆಟ್ಟ ಎಂಜಿನಿನ ಬದಲು ಅದೇ ತಯಾರಕರ ಅದೇ ಬಗೆಯ ಎಂಜಿನ್ನನ್ನು ನೋಂದಣಿ ಅಧಿಕಾರಿಯ ಅನುಮತಿ ಪಡೆದು ಹಾಕಿಸಿ, ಹೊಸ ಸಂಖ್ಯೆಯನ್ನು ನೋಂದಣಿ ಪತ್ರದಲ್ಲಿ ಬರೆಯಿಸಿಕೊಳ್ಳಬಹುದು. ಅನಿಲ ಅಥವಾ ವಿದ್ಯುತ್ತಿನಿಂದ ಓಡುವಂತೆ ಮಾನ್ಯತೆ ಪಡೆದ ಸಾಮಗ್ರಿಯನ್ನು ಜೋಡಿಸುವುದಕ್ಕೂ ಕಾನೂನಿನಲ್ಲಿ ಅವಕಾಶವಿದೆ. ಈ ಕೆಲಸಕ್ಕೆ ಜಿಲ್ಲೆಯವರು ದೂರ ಹೋಗಬೇಕಾದುದಿಲ್ಲ. ಕೆಎ-38ರ ಬೀದರ ಕಚೇರಿಯಂತೆಯೇ ಭಾಲ್ಕಿಯಲ್ಲಿಯೂ ಕೆಎ-39ರ ಸಾರಿಗೆ ಕಚೇರಿ ಇದೆ.

ಸರಕು ಗಾಡಿಗೆ ಎಂಟು ವರ್ಷ ಮೀರಿದ ಮೇಲೆ ಪ್ರತಿವರ್ಷವೂ ಅರ್ಹತಾ ಪತ್ರವನ್ನು ನವೀಕರಿಸಬೇಕು. ತಪಾಸಣೆಯಲ್ಲಿ ಎಂಜಿನಿನ ಸಂಖ್ಯೆ ಹೊಂದದಿದ್ದರೆ ಗಾಡಿ ಅಲ್ಲಿಗೇ ನಿಂತಿತು. ಅಪಘಾತವಾದಾಗ ತೊಂದರೆ ಇನ್ನೂ ದೊಡ್ಡದು. ತಿಳಿಸದೆ ಮಾಡಿದ ಮಾರ್ಪಾಡನ್ನು ಮುಂದೊಡ್ಡಿ ವಿಮಾ ಸಂಸ್ಥೆಯು ಗಾಡಿಯ ನಷ್ಟವನ್ನು ತುಂಬಿಕೊಡಲು ನಿರಾಕರಿಸಬಹುದು. ಗುಜರಿಯಿಂದ ತಂದ ಎಂಜಿನಿಗೆ ಸರಿಯಾದ ರಸೀದಿ ಇಲ್ಲದೆ, ಅದು ಕಳವಿನ ಮಾಲೆಂದು ತಿಳಿದುಬಂದರೆ ಮಾಲೀಕನು ಪೋಲೀಸು ಠಾಣೆಯ ಮೆಟ್ಟಿಲನ್ನೂ ಹತ್ತಬೇಕಾದೀತು.

ಲಾಭದ ಲೆಕ್ಕ

ಹಾಗಾದರೆ ಮುಪ್ಪಾದ ಗಾಡಿಯ ಮಾಲೀಕನಿಗೆ ಉಪಾಯವೇನು? ಮೊದಲನೆಯದು, ಇರುವ ಎಂಜಿನ್ನನ್ನೇ ಬಿಚ್ಚಿ ಪುನಃ ಕಟ್ಟುವುದು. ಸಿಲಿಂಡರು ಕೊರೆಯಿಸಿ, ಹೊಸ ಪಿಸ್ಟನ್ನು-ರಿಂಗು ಹಾಕಿಸಿ, ಪಂಪು ಮತ್ತು ಇಂಜೆಕ್ಟರುಗಳನ್ನು ಪರೀಕ್ಷಾಯಂತ್ರದ ಮೇಲೆ ಸರಿಪಡಿಸಿದರೆ ಅನೇಕ ಎಂಜಿನ್ನುಗಳು ಮತ್ತೆ ಹಲವು ವರ್ಷ ದುಡಿಯುತ್ತವೆ. ಎರಡನೆಯದು, ಮೇಲೆ ಹೇಳಿದಂತೆ ಅದೇ ಬಗೆಯ ಎಂಜಿನ್ನನ್ನು ಅನುಮತಿಯೊಡನೆ ಕೂರಿಸುವುದು. ಮೂರನೆಯದು, ಹೆಚ್ಚಿನ ಬಲ ನಿಜವಾಗಿಯೂ ಬೇಕಾದವನು ಹಳೆಯದನ್ನು ಮಾರಿ, ಕಾರ್ಖಾನೆಯಲ್ಲಿಯೇ ಟರ್ಬೊ ಎಂಜಿನಿಗಾಗಿ ಕಟ್ಟಿದ ಗಾಡಿಯನ್ನು, ಎರಡನೆಯ ಕೈಯದಾದರೂ ಸರಿ, ಕೊಳ್ಳುವುದು. ಬೇರೆ ಎಂಜಿನ್, ಗೇರುಪೆಟ್ಟಿಗೆ, ರೇಡಿಯೇಟರು, ಬ್ರೇಕು, ತಂತಿ, ಕೂಲಿ ಇಷ್ಟನ್ನೂ ಕೂಡಿಸಿ ನೋಡಿದಾಗ, ಗಾಡಿ ಗ್ಯಾರೇಜಿನಲ್ಲಿ ನಿಂತ ದಿನಗಳ ಬಾಡಿಗೆಯನ್ನೂ ಕಳೆದಾಗ, ಮೂರನೆಯ ದಾರಿಯೇ ಅಗ್ಗವಾಗಿ ತೋರಿದರೆ ಆಶ್ಚರ್ಯವಿಲ್ಲ.

ಇದರಿಂದ ಮಿಸ್ತ್ರಿಯ ಕೈಚಳಕಕ್ಕೆ ಕುಂದೇನೂ ಬಾರದು. ಕೈಚಳಕಕ್ಕೆ ಬೀದರ ಎಂದೂ ಬಡವಾದುದಲ್ಲ. ಬಿದರಿ ಕೆಲಸದವನು ಕಪ್ಪು ಲೋಹದಲ್ಲಿ ಬೆಳ್ಳಿಯನ್ನು ಕೂರಿಸುವ ಮೊದಲು ಎಳೆ ಎಳೆಯಾಗಿ ಗೀರು ಕೊರೆಯುತ್ತಾನೆ. ಬೆಳ್ಳಿಯ ಅಳತೆಗೂ ಗೀರಿನ ಅಳತೆಗೂ ಕೂದಲೆಳೆಯ ವ್ಯತ್ಯಾಸ ಬಾರದಂತೆ ನೋಡಿಕೊಳ್ಳುತ್ತಾನೆ. ಗಾಡಿಯ ವಿಷಯದಲ್ಲಿಯೂ ಆ ಎಚ್ಚರಿಕೆಯೇ ಬೇಕು. ಭಾಲ್ಕಿಯ ರೈತನ ತೊಗರಿ ಮಾರುಕಟ್ಟೆಗೆ ಹತ್ತು ನಿಮಿಷ ತಡವಾಗಿ ತಲಪಿದರೆ ಧಾರಣೆಯೇನೂ ಮುಳುಗಿಹೋಗದು. ಆದರೆ ಗಾಡಿಯನ್ನು ನಂಬಿ ಹೊರಟ ಮನೆಯ ಯಜಮಾನ ಸಂಜೆಗೆ ಕ್ಷೇಮವಾಗಿ ಹಿಂದಿರುಗಲೇಬೇಕು.