ಮರವಂತೆ: ಕಡಲ ಬಾಗಿಲಿಗೆ ಬಂದು ತಿರುಗಿದ ಹೊಳೆ

ಕುಂದಾಪುರದಿಂದ ಬೈಂದೂರಿನತ್ತ ಹೊರಟ ಬಸ್ಸು ತ್ರಾಸಿ ದಾಟುತ್ತಿದ್ದಂತೆ ಎಡಗಡೆ ಕೂತವರಿಗೆ ಅರಬ್ಬಿ ಸಮುದ್ರ, ಬಲಗಡೆಯವರಿಗೆ ಸೌಪರ್ಣಿಕಾ ನದಿ. ನಡುವೆ ರಾಷ್ಟ್ರೀಯ ಹೆದ್ದಾರಿ 66. ಬಹುಪಾಲು ಪ್ರವಾಸಿಗರು ಕಾರು ನಿಲ್ಲಿಸಿ, ಕಡಲಿನ ಜೊತೆಗೊಂದು ಸೆಲ್ಫಿ ತೆಗೆದುಕೊಂಡು ಹೊರಟುಬಿಡುತ್ತಾರೆ. ಮರವಂತೆಯ ನಿಜವಾದ ಸೋಜಿಗ ಇರುವುದು ಅವರ ಬೆನ್ನ ಹಿಂದೆ.

ಕೊಡಚಾದ್ರಿಯ ಕಾಡಿನ ನೀರು ಹೊತ್ತು, ಕೊಲ್ಲೂರು ಹಾಯ್ದು ಪಡುವಣಕ್ಕೆ ಹರಿದ ಸೌಪರ್ಣಿಕಾ ಇಲ್ಲಿ ಕಡಲಿಗೆ ಕೂಗಳತೆಯಷ್ಟು ಹತ್ತಿರ ಬರುತ್ತದೆ. ಆದರೆ ಸೇರುವುದಿಲ್ಲ. ಅಲೆಗಳು ತಂದು ಪೇರಿಸಿದ ಮರಳಿನ ಪಟ್ಟಿಯೊಂದು ಅಡ್ಡ ನಿಂತಿದೆ. ಹೊಳೆ ದಕ್ಷಿಣಕ್ಕೆ ಹೊರಳಿ, ಕುದ್ರುಗಳೆಂಬ ನಡುಗಡ್ಡೆಗಳನ್ನು ಬಳಸಿ, ಸುಮಾರು 10 ಕಿ.ಮೀ. ಸಾಗಿ, ಗಂಗೊಳ್ಳಿಯಲ್ಲಿ ವಾರಾಹಿ, ಚಕ್ರಾ ಮೊದಲಾದ ನದಿಗಳೊಡನೆ ಪಂಚಗಂಗಾವಳಿಯಾಗಿ ಸಮುದ್ರ ಸೇರುತ್ತದೆ. ಹೆದ್ದಾರಿ ಓಡುವುದೂ ಆ ಮರಳಿನ ಪಟ್ಟಿಯ ಮೇಲೆಯೇ.

ಊರಿನ ದೇವರು ನೆಲೆಸಿರುವುದೂ ಅಲ್ಲೇ. ಮಹಾರಾಜಸ್ವಾಮಿ ವರಾಹ ದೇವಸ್ಥಾನ ಎಂಬುದು ಫಲಕದ ಹೆಸರು. ಊರವರ ಬಾಯಲ್ಲಿ ಮಾರಸ್ವಾಮಿ. ಕರ್ಕಾಟಕ ಅಮಾವಾಸ್ಯೆಯ ಜಾತ್ರೆಗೆ ಸುತ್ತಲಿನ ರೈತರು, ಮೀನುಗಾರರು, ಹೊಸದಾಗಿ ಮದುವೆಯಾದ ಜೋಡಿಗಳು ಮಳೆಯಲ್ಲೇ ನೆನೆಯುತ್ತ ಬರುತ್ತಾರೆ. ಕಡಲಲ್ಲೂ ಹೊಳೆಯಲ್ಲೂ ಮಿಂದು ದೇವರಿಗೆ ಕೈಮುಗಿಯುವುದು ವಾಡಿಕೆ. ಗದ್ದೆ ಮಾಡುವವರಿಗೂ ಬಲೆ ಬೀಸುವವರಿಗೂ ಒಬ್ಬನೇ ದೇವರು. ಎರಡು ನೀರಿನ ನಡುವೆ ಬದುಕುವ ಊರಿಗೆ ಇದಕ್ಕಿಂತ ಒಪ್ಪುವ ಜಾತ್ರೆ ಬೇರೆ ಇರಲಾರದು.

ಅದೇ ಮಳೆಗಾಲ ಇಲ್ಲಿ ದಿಗಿಲನ್ನೂ ತರುತ್ತದೆ. ಕಡಲ್ಕೊರೆತಕ್ಕೆ ತೆಂಗಿನ ಮರಗಳು ಉರುಳಿವೆ, ರಸ್ತೆಯ ಅಂಚಿನವರೆಗೂ ಅಲೆ ಬಂದದ್ದಿದೆ. ದಡದುದ್ದಕ್ಕೂ ಬಂಡೆ ಪೇರಿಸಿದ್ದಾರೆ, ಸಮುದ್ರಕ್ಕೆ ಚಾಚಿದ ತಡೆಗೋಡೆಗಳನ್ನೂ ಕಟ್ಟಿದ್ದಾರೆ. ರಸ್ತೆ ಉಳಿಯಬೇಕಾದರೆ ಕಲ್ಲು ಬೇಕು, ನಿಜ. ಆದರೆ ಒಂದೆಡೆ ಮರಳನ್ನು ತಡೆದರೆ ಇನ್ನೊಂದೆಡೆಯ ದಡಕ್ಕೆ ಅದರ ಕೊರತೆ ಬೀಳುತ್ತದೆ. ಕಲ್ಲು ಸುರಿಯುವುದನ್ನೇ ಪರಿಹಾರವೆಂದು ನಂಬಿ ಕೂರುವಂತಿಲ್ಲ.

ಮರವಂತೆಗೆ ಹೋಗುವುದಾದರೆ ಮಳೆ ಕಳೆದ ಮೇಲೆ ಹೋಗಿ. ರಸ್ತೆಯಂಚಿನಲ್ಲಿ ಗಾಡಿ ನಿಲ್ಲಿಸಿ ಹೆದ್ದಾರಿ ದಾಟುವಾಗ ಜೋಪಾನ. ಹೊಳೆಯ ದಡದಲ್ಲೂ ಸ್ವಲ್ಪ ಹೊತ್ತು ಕೂತು ಬನ್ನಿ. ಆಷಾಢದ ಕಡಲಿಗಂತೂ ಇಳಿಯಲೇಬೇಡಿ.