ಮೊದಲ ಬೈಕು: ಟೂ ಸ್ಟ್ರೋಕೋ, ಫೋರ್ ಸ್ಟ್ರೋಕೋ?

ಮನೆಗೆ ಮೊದಲ ಬೈಕು ತರುವ ಮಾತು ಶುರುವಾದರೆ ಸಾಕು, ಯಜಮಾನರು, ಮಕ್ಕಳು, ಪಕ್ಕದ ಮನೆಯವರು ಎಲ್ಲರೂ ಇಂಜಿನ್ ಪಂಡಿತರೇ! 'ಟೂ ಸ್ಟ್ರೋಕ್ ಪಿಕಪ್ಪೇ ಬೇರೆ' ಅಂತ ಒಬ್ಬರು, 'ಫೋರ್ ಸ್ಟ್ರೋಕ್ ಮೈಲೇಜ್ ನೋಡಿ' ಅಂತ ಇನ್ನೊಬ್ಬರು. ನಾವು ಕಾಫಿ ಕೊಟ್ಟು ಸುಮ್ಮನೆ ಒಳಗೆ ಹೋಗಿಬಿಡುತ್ತೇವೆ. ಆದರೆ ತಿಂಗಳ ಕೊನೆಯಲ್ಲಿ ಪೆಟ್ರೋಲಿಗೆ ದುಡ್ಡು ಹೊಂದಿಸುವವರು ಯಾರು? ಮಗ ಬರುವುದು ಅರ್ಧ ಗಂಟೆ ತಡವಾದರೆ ಬಾಗಿಲಲ್ಲಿ ನಿಲ್ಲುವವರು ಯಾರು? ನಾವೇ ತಾನೇ! ಹಾಗಾಗಿ ಈ ವಿಷಯ ನಮಗೂ ಒಂದಿಷ್ಟು ಗೊತ್ತಿರಲಿ.

ಇವತ್ತು ಶೋರೂಮಿಗೆ ಹೋದರೆ ಸಿಗುವ ಪೆಟ್ರೋಲ್ ಬೈಕು, ಸ್ಕೂಟರ್, ಮೊಪೆಡ್ ಎಲ್ಲವೂ ಫೋರ್ ಸ್ಟ್ರೋಕ್. ಆದರೆ ಎಷ್ಟೋ ಮನೆಗಳಿಗೆ ಮೊದಲ ಬೈಕು ಬರುವುದು ಶೋರೂಮಿನಿಂದಲ್ಲ, ಪರಿಚಯದವರ ಕೊಟ್ಟಿಗೆಯಿಂದ! ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಕಡೆ ನೆಂಟರಿರುವ ಮೈಸೂರಿನ ಮನೆಗಳಿಗಂತೂ ಇದು ಚೆನ್ನಾಗಿ ಗೊತ್ತು. 'ಒಂದು ಹಳೇ ಗಾಡಿ ಇದೆ, ಅಗ್ಗಕ್ಕೆ ಕೊಡ್ತಾರಂತೆ' ಅಂತ ಫೋನ್ ಬರುತ್ತದೆ. ಆಗಲೇ ಈ ಪ್ರಶ್ನೆ ಎದುರಾಗುವುದು.

ದೋಸೆ ಹಂಚಿನ ಲೆಕ್ಕ

ಇಂಜಿನ್ ಯಾವುದಾದರೂ ಕೆಲಸ ನಾಲ್ಕೇ. ಪೆಟ್ರೋಲ್ ಮತ್ತು ಗಾಳಿಯನ್ನು ಒಳಗೆ ಎಳೆದುಕೊಳ್ಳುವುದು, ಒತ್ತುವುದು, ಉರಿಸುವುದು, ಹೊಗೆಯನ್ನು ಹೊರಗೆ ತಳ್ಳುವುದು. ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಪಿಸ್ಟನ್ ಈ ನಾಲ್ಕು ಕೆಲಸಕ್ಕೆ ನಾಲ್ಕು ಸಲ ಓಡಾಡುತ್ತದೆ. ಟೂ ಸ್ಟ್ರೋಕ್‌ನಲ್ಲಿ ಎರಡೇ ಸಲದಲ್ಲಿ ಎಲ್ಲ ಮುಗಿಯಬೇಕು.

ದೋಸೆ ಹಂಚನ್ನು ನೆನಪಿಸಿಕೊಳ್ಳಿ. ಬೆಂದ ದೋಸೆಯನ್ನು ಪೂರ್ತಿ ತೆಗೆದು, ಹಂಚು ಒರೆಸಿ, ಆಮೇಲೆ ಹಿಟ್ಟು ಹಾಕುವುದು ಒಂದು ಕ್ರಮ. ಅದು ಫೋರ್ ಸ್ಟ್ರೋಕ್. ಒಂದು ಕೈಯಲ್ಲಿ ದೋಸೆ ತೆಗೆಯುತ್ತಲೇ ಇನ್ನೊಂದು ಕೈಯಲ್ಲಿ ಹಿಟ್ಟು ಸುರಿಯುವುದು ಟೂ ಸ್ಟ್ರೋಕ್. ಕೆಲಸ ಬೇಗ ಆಗುತ್ತದೆ, ಅದಕ್ಕೇ ಆ ಪಿಕಪ್ಪು. ಆದರೆ ಒಂದಿಷ್ಟು ಹಿಟ್ಟು ಒಲೆ ಮೇಲೂ ಚೆಲ್ಲುತ್ತದೆ! ಹಾಗೇ ಟೂ ಸ್ಟ್ರೋಕ್‌ನಲ್ಲಿ ಸ್ವಲ್ಪ ಪೆಟ್ರೋಲ್ ಉರಿಯದೇ ಹೊಗೆಯ ಜೊತೆ ಸೈಲೆನ್ಸರಿನಿಂದ ಹೊರಗೆ ಹೋಗಿಬಿಡುತ್ತದೆ. ಮೈಲೇಜ್ ಕಡಿಮೆಯಾಗುವುದಕ್ಕೆ ಇದೇ ಮುಖ್ಯ ಕಾರಣ.

ಇನ್ನು ಆಯಿಲ್ ವಿಷಯ. ಫೋರ್ ಸ್ಟ್ರೋಕ್‌ನಲ್ಲಿ ಆಯಿಲ್ ಇಂಜಿನ್ನಿನ ಒಳಗೇ ಇರುತ್ತದೆ, ಇಷ್ಟು ಕಿಲೋಮೀಟರಿಗೊಮ್ಮೆ ಅಂತ ಬದಲಾಯಿಸಬೇಕು. ಟೂ ಸ್ಟ್ರೋಕ್‌ನಲ್ಲಿ 2ಟಿ ಆಯಿಲ್ ಪೆಟ್ರೋಲಿನ ಜೊತೆ ಸೇರಿ ಉರಿದುಹೋಗುತ್ತದೆ. ಹಿಂದೆ ಕೂತವರ ಸೆರಗಿಗೆ ಹತ್ತುವ ಆ ಹೊಗೆ ವಾಸನೆ ಇದರದ್ದೇ.

ನಮ್ಮೂರಿನ ಹಳೇ ನಂಟು

ಟೂ ಸ್ಟ್ರೋಕ್ ಅಂದರೆ ಮೈಸೂರಿನವರಿಗೆ ಒಂದು ಬಗೆ ಅಕ್ಕರೆ. ಇರಲೇಬೇಕು ಬಿಡಿ! ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ಮಾಡಿ ದೇಶಕ್ಕೆಲ್ಲ ಕಳಿಸಿತು. ಎಷ್ಟೋ ಮನೆಗಳಿಗೆ ಅಲ್ಲಿಂದ ಸಂಬಳ ಬರುತ್ತಿತ್ತು. ಲೂನಾ, ಕೈನೆಟಿಕ್ ಹೋಂಡಾ, ಮೊದಮೊದಲ ಸ್ಕೂಟಿ, ಹುಡುಗರ ಆರ್‌ಎಕ್ಸ್ 100 ಇವೆಲ್ಲವೂ ಟೂ ಸ್ಟ್ರೋಕೇ.

1985ರಲ್ಲಿ ಹೀರೋ ಹೋಂಡಾದ ಸಿಡಿ 100 ಬಂದಾಗ ಸಣ್ಣ ಫೋರ್ ಸ್ಟ್ರೋಕ್ ಬೈಕಿನ ಮೈಲೇಜ್ ಏನು ಅಂತ ಜನಕ್ಕೆ ತಿಳಿಯಿತು. 2001ರಲ್ಲಿ ಆಕ್ಟಿವಾ ಬಂತು, ಸ್ಕೂಟರುಗಳೂ ಆ ದಾರಿ ಹಿಡಿದವು. ಹೊಗೆಯ ನಿಯಮಗಳು ವರ್ಷ ವರ್ಷ ಬಿಗಿಯಾಗುತ್ತಾ ಬಂದು, 2017ರಲ್ಲಿ ಬಿಎಸ್ 4, 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಜಾರಿಗೆ ಬಂದವು. ಹಳ್ಳಿಯವರ ನೆಚ್ಚಿನ ಟಿವಿಎಸ್ ಎಕ್ಸ್‌ಎಲ್ ಕೂಡ 2015ರಲ್ಲಿ ಎಕ್ಸ್‌ಎಲ್ 100 ಅಂತ ಫೋರ್ ಸ್ಟ್ರೋಕ್ ಆಗಿ ಬಂತು.

ಗಾವಡಗೆರೆಯ ಚಿಕ್ಕಮ್ಮನ ಪ್ರಶ್ನೆ

ನಮ್ಮ ಚಿಕ್ಕಪ್ಪನ ಮನೆ ಗಾವಡಗೆರೆ ಕಡೆಯ ಒಂದು ಹಳ್ಳಿಯಲ್ಲಿದೆ. ಅವರ ಮಗನಿಗೆ ಹುಣಸೂರಿನ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು. ಬಸ್ಸಿನ ಹೊತ್ತಿಗೂ ಅಂಗಡಿ ಮುಚ್ಚುವ ಹೊತ್ತಿಗೂ ಹೊಂದುತ್ತಿರಲಿಲ್ಲ. ಊರಿನಲ್ಲೇ ಒಂದು ಹಳೇ ಟೂ ಸ್ಟ್ರೋಕ್ ಬೈಕು ಮಾರಾಟಕ್ಕಿತ್ತು. ಇನ್ನೊಂದು ಕಡೆ ಅದಕ್ಕಿಂತ ಹದಿನೈದು ಸಾವಿರ ಜಾಸ್ತಿ ಹೇಳುತ್ತಿದ್ದ 100 ಸಿಸಿ ಫೋರ್ ಸ್ಟ್ರೋಕ್. ಕೈಯಲ್ಲಿದ್ದದ್ದು ಹೊಗೆಸೊಪ್ಪು ಮಾರಿದ ದುಡ್ಡು. ವರ್ಷಕ್ಕೊಮ್ಮೆ ಬರುವ ದುಡ್ಡು, ಅದರಲ್ಲೇ ಸಾಲ, ಗೊಬ್ಬರ, ಮಗಳ ಫೀಸು ಎಲ್ಲ ಆಗಬೇಕು.

"ಹದಿನೈದು ಸಾವಿರ ಉಳಿಯತ್ತಲ್ಲವ್ವ, ಹಳೇದೇ ತಗೊಂಬಿಡಾನಾ?" ಅಂತ ಚಿಕ್ಕಮ್ಮ ಕೇಳಿದರು.

"ಗಾಡಿಗೆ ಒಂದ್ಸಲ ದುಡ್ಡು ಕೊಡ್ತೀರ ಚಿಕ್ಕಮ್ಮ, ಪೆಟ್ರೋಲಿಗೆ ದಿನಾ ಕೊಡ್ಬೇಕು. ತಡೀರಿ, ಲೆಕ್ಕ ಹಾಕಾಣ" ಅಂದೆ. ಆವತ್ತು ಹಾಕಿದ ಲೆಕ್ಕ ಇದು, ನಿಮಗೂ ಉಪಯೋಗಕ್ಕೆ ಬರಬಹುದು.

ದಿನಕ್ಕೆ 30 ಕಿ.ಮೀ. ಓಡಾಟ, ತಿಂಗಳಿಗೆ 26 ದಿನ. ಅಂದರೆ 780 ಕಿ.ಮೀ. ಹಳೇ ಟೂ ಸ್ಟ್ರೋಕ್ ಲೀಟರಿಗೆ 40 ಕೊಡುತ್ತದೆ ಅಂದುಕೊಳ್ಳಿ, ಹತ್ತೊಂಬತ್ತೂವರೆ ಲೀಟರ್ ಬೇಕು. ಫೋರ್ ಸ್ಟ್ರೋಕ್ 60 ಕೊಟ್ಟರೆ 13 ಲೀಟರ್ ಸಾಕು. ತಿಂಗಳಿಗೆ ಆರೂವರೆ ಲೀಟರ್ ವ್ಯತ್ಯಾಸ! ಲೆಕ್ಕಕ್ಕೆ ಸುಲಭವಾಗಲಿ ಅಂತ ಲೀಟರಿಗೆ 100 ರೂಪಾಯಿ ಹಿಡಿದರೂ ತಿಂಗಳಿಗೆ 650, ವರ್ಷಕ್ಕೆ 7,800 ರೂಪಾಯಿ. ಉಳಿಯಿತು ಅಂದುಕೊಂಡ ಹದಿನೈದು ಸಾವಿರ ಎರಡು ವರ್ಷ ತುಂಬುವುದರೊಳಗೆ ಪೆಟ್ರೋಲ್ ಬಂಕಿಗೆ ಹೋಗಿರುತ್ತದೆ. ಇದರ ಮೇಲೆ 2ಟಿ ಆಯಿಲ್ ಖರ್ಚು ಬೇರೆ.

ತಮ್ಮ ಫೋರ್ ಸ್ಟ್ರೋಕನ್ನೇ ತಗೊಂಡ. ಹಾಗಂತ ಚಿಕ್ಕಪ್ಪ ತಮ್ಮ ಹಳೇ ಟೂ ಸ್ಟ್ರೋಕ್ ಎಕ್ಸ್‌ಎಲ್ ಮಾರಲಿಲ್ಲ. ಮನೆಯಿಂದ ಹೊಲಕ್ಕೆ, ಹೊಲದಿಂದ ಹಾಲಿನ ಡೇರಿಗೆ, ದಿನಕ್ಕೆ ಮೂರೋ ನಾಲ್ಕೋ ಕಿಲೋಮೀಟರು. ಹಸಿ ಹುಲ್ಲಿನ ಹೊರೆ ಹೇರಿದರೂ ಎಳೆಯುತ್ತದೆ, ಕೆಟ್ಟರೆ ಊರಿನ ಮೆಕ್ಯಾನಿಕ್ಕೇ ಸರಿ ಮಾಡುತ್ತಾನೆ. ಅಷ್ಟು ಕಡಿಮೆ ಓಡುವ ಗಾಡಿಗೆ ಮೈಲೇಜಿನ ಚಿಂತೆ ಇಲ್ಲ. ಅಂದರೆ ಗಾಡಿ ದಿನಕ್ಕೆ ಎಷ್ಟು ಓಡುತ್ತದೆ ಅನ್ನುವುದನ್ನು ಮೊದಲು ಕೇಳಿ. ದಿನಾ ಕೆಲಸಕ್ಕೋ ಕಾಲೇಜಿಗೋ ಹೋಗಿಬರುವ ಮೊದಲ ಬೈಕು ಫೋರ್ ಸ್ಟ್ರೋಕೇ ಇರಲಿ.

ಕೊಳ್ಳುವ ಮುಂಚೆ ಇವನ್ನು ನೋಡಿ

* ಟೂ ಸ್ಟ್ರೋಕ್ ಬೈಕುಗಳು ಈಗ ಹೆಚ್ಚುಕಡಿಮೆ ಎಲ್ಲವೂ 15 ವರ್ಷ ದಾಟಿದವೇ. ಆರ್‌ಸಿ ನವೀಕರಣ ಆಗಿದೆಯಾ, ಎಫ್‌ಸಿ ಎಲ್ಲಿಯವರೆಗಿದೆ ಅಂತ ನೋಡಿ. ನವೀಕರಣವಾದರೆ ಐದು ವರ್ಷಕ್ಕೆ. 2022ರಿಂದ ಇದರ ಶುಲ್ಕವೂ ಏರಿದೆ.

* ಆರ್‌ಸಿಯಲ್ಲಿರುವ ಚಾಸಿ ನಂಬರ್, ಇಂಜಿನ್ ನಂಬರ್ ಗಾಡಿಯ ಮೇಲಿನ ನಂಬರಿಗೆ ಹೊಂದಬೇಕು. ದುಡ್ಡು ಕೊಟ್ಟ ಕೂಡಲೇ ಹೆಸರು ಬದಲಾಯಿಸಿಕೊಳ್ಳಿ. ಹುಣಸೂರಿಗೇ ಕೆಎ 45 ಅಂತ ಬೇರೆ ಆರ್‌ಟಿಒ ಕಚೇರಿ ಇದೆ, ಆ ಕಡೆಯವರು ಮೈಸೂರಿಗೆ ಅಲೆಯಬೇಕಿಲ್ಲ.

* ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ. ಟೂ ಸ್ಟ್ರೋಕ್ ಸ್ವಲ್ಪ ಹೊಗೆ ಬಿಡುವುದು ಸಹಜ. ಆದರೆ ಫೋರ್ ಸ್ಟ್ರೋಕ್ ಬೈಕು ನೀಲಿ ಹೊಗೆ ಬಿಟ್ಟರೆ ಆಯಿಲ್ ಉರಿಯುತ್ತಿದೆ ಅಂತಲೇ ಅರ್ಥ. ಇಂಜಿನ್ ಕೆಲಸಕ್ಕೆ ಬಂದಿದೆ, ಬೇಡ ಅನ್ನಿ.

* ಪೆಟ್ರೋಲಿನಲ್ಲಿ ಈಗ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಹಳೇ ಗಾಡಿಗಳ ರಬ್ಬರ್ ಪೈಪು, ವಾಷರ್ ಬೇಗ ಹಾಳಾಗಬಹುದು. ಮೆಕ್ಯಾನಿಕ್‌ಗೆ ತೋರಿಸಿ ಬದಲಾಯಿಸಿಕೊಳ್ಳಿ.

* ಸೀರೆ ಗಾರ್ಡ್, ಹಿಂದೆ ಕೂರುವವರ ಹಿಡಿ, ಫುಟ್‌ರೆಸ್ಟ್ ಇವೆಯಾ? ಹುಡುಗರು ಸ್ಟೈಲಿಗೆ ಅಂತ ಸೀರೆ ಗಾರ್ಡನ್ನು ಮೊದಲು ಬಿಚ್ಚಿಹಾಕುತ್ತಾರೆ. ಸೆರಗು, ವೇಲು ಚಕ್ರಕ್ಕೆ ಸಿಕ್ಕರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ.

* ಸಾಧ್ಯವಾದರೆ 2019ರ ಏಪ್ರಿಲ್ ನಂತರ ತಯಾರಾದ ಬೈಕು ನೋಡಿ. ಆಗಿನಿಂದ 125 ಸಿಸಿವರೆಗಿನ ಬೈಕುಗಳಿಗೆ ಎರಡೂ ಚಕ್ರಕ್ಕೆ ಒಟ್ಟಿಗೆ ಬ್ರೇಕ್ ಬೀಳುವ ವ್ಯವಸ್ಥೆ ಇಲ್ಲವೇ ಎಬಿಎಸ್ ಕಡ್ಡಾಯವಾಯಿತು. ಹೊಸದಾಗಿ ಕಲಿತವರಿಗೆ ಇದು ಒಳ್ಳೆಯದು.

ಮನೆಯಲ್ಲಿ ಈಗಾಗಲೇ ಇದ್ದರೆ

ಟೂ ಸ್ಟ್ರೋಕ್ ಗಾಡಿಗೆ 2ಟಿ ಆಯಿಲನ್ನು ಅಳತೆ ಮಾಡಿಯೇ ಹಾಕಿ, ಸಾರಿಗೆ ಉಪ್ಪು ಹಾಕಿದ ಹಾಗೆ ಕೈ ಅಂದಾಜು ಬೇಡ. ಕಂಪನಿ ಶೇ. 2 ಅಂದಿದ್ದರೆ ಲೀಟರಿಗೆ 20 ಮಿ.ಲೀ. ಕಡಿಮೆಯಾದರೆ ಇಂಜಿನ್ ಸೀಜ್ ಆಗುತ್ತದೆ. ಜಾಸ್ತಿಯಾದರೆ ಪ್ಲಗ್, ಸೈಲೆನ್ಸರಿನಲ್ಲಿ ಮಸಿ ಕಟ್ಟುತ್ತದೆ. ಆಯಿಲನ್ನು ಟ್ಯಾಂಕಿಗೇ ಬೆರೆಸುವ ಗಾಡಿಯಾದರೆ ಉದ್ದದ ಇಳಿಜಾರಿನಲ್ಲಿ ನಡುನಡುವೆ ಸ್ವಲ್ಪ ಆಕ್ಸಿಲರೇಟರ್ ಕೊಡಬೇಕು, ಇಲ್ಲದಿದ್ದರೆ ಇಂಜಿನ್ನಿಗೆ ಆಯಿಲ್ ಸಿಗುವುದಿಲ್ಲ. ಫೋರ್ ಸ್ಟ್ರೋಕ್ ಬೈಕಿನ ಟ್ಯಾಂಕಿಗೆ ಮಾತ್ರ 2ಟಿ ಆಯಿಲ್ ಹಾಕಿಸಬಾರದು. ತಿಂಗಳಿಗೊಮ್ಮೆ ಇಂಜಿನ್ ಆಯಿಲ್ ಮಟ್ಟ ನೋಡಿ, ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿಗೆ ತಪ್ಪದೆ ಬದಲಾಯಿಸಿ.

ಆರ್‌ಎಕ್ಸ್ 100 ಬೇಕು ಅನ್ನುವ ಮಗನಿಗೆ

1996ರಲ್ಲೇ ನಿಂತುಹೋದ ಬೈಕಿಗೆ ಈಗಲೂ ಹುಡುಗರು ಕೇಳಿದಷ್ಟು ದುಡ್ಡು ಕೊಡುತ್ತಾರೆ! ಹಗುರ ಗಾಡಿ, ಆಕ್ಸಿಲರೇಟರ್ ತಿರುಗಿಸಿದ ಕೂಡಲೇ ಹಾರುತ್ತದೆ. ಜೊತೆಗೆ ಟೂ ಸ್ಟ್ರೋಕ್‌ನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಇಂಜಿನ್ ಹಿಡಿತ ಕಡಿಮೆ, ಪೂರ್ತಿ ಬ್ರೇಕನ್ನೇ ನಂಬಬೇಕು. ಮೊದಲ ಸಲ ಬೈಕು ಹಿಡಿಯುವವರಿಗೆ ಇದು ಸರಿಯಲ್ಲ. ಎರಡು ವರ್ಷ 100 ಸಿಸಿ ಫೋರ್ ಸ್ಟ್ರೋಕ್ ಓಡಿಸಿ ಕೈ ಪಳಗಲಿ, ಆಮೇಲೆ ತನ್ನ ದುಡಿಮೆಯಲ್ಲಿ ಬೇಕಾದ್ದು ತಗೊಳ್ಳಲಿ ಅನ್ನಿ.

ಮಗನಿಗೆ ಇನ್ನೂ 18 ತುಂಬಿಲ್ಲವೇ? ಹಾಗಾದರೆ ಯಾವ ಸ್ಟ್ರೋಕೂ ಬೇಡ. 2019ರ ತಿದ್ದುಪಡಿಯ ಪ್ರಕಾರ ಮಕ್ಕಳ ಕೈಗೆ ಬೈಕು ಕೊಟ್ಟರೆ ಹೆತ್ತವರಿಗೆ 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲೂ ಆಗಬಹುದು.

ಬೈಕಿನ ಬಜೆಟ್ಟಿನಲ್ಲೇ ಎರಡು ಐಎಸ್‌ಐ ಗುರುತಿನ ಹೆಲ್ಮೆಟ್ ಸೇರಿಸಿಕೊಳ್ಳಿ, ಒಂದು ಓಡಿಸುವವರಿಗೆ, ಇನ್ನೊಂದು ಹಿಂದೆ ಕೂರುವ ನಿಮಗೆ. ಗಾಡಿ ಮನೆಗೆ ಬಂದ ದಿನದಿಂದ ಹಾಲಿನ ಲೆಕ್ಕದ ಪುಸ್ತಕದಲ್ಲೇ ಒಂದು ಪುಟ ಬಿಟ್ಟು ಪೆಟ್ರೋಲ್ ಹಾಕಿಸಿದ ತಾರೀಕು, ಲೀಟರ್, ಕಿಲೋಮೀಟರ್ ಬರೆದಿಡಿ. ಮೈಲೇಜ್ ಇದ್ದಕ್ಕಿದ್ದ ಹಾಗೆ ಇಳಿದರೆ ಮೆಕ್ಯಾನಿಕ್‌ಗಿಂತ ಮೊದಲು ನಿಮಗೇ ಗೊತ್ತಾಗುತ್ತದೆ.