ಗುರಾಣಿಯ ಕಿಂಡಿಯಿಂದ ಎಷ್ಟು ಕಾಣುತ್ತದೆ?

ಒಂದು ದೊಡ್ಡ ರಟ್ಟನ್ನು ತೆಗೆದುಕೊಂಡು, ಅದರ ಮೇಲ್ಭಾಗದಲ್ಲಿ 30 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರದ ಕಿಂಡಿ ಕತ್ತರಿಸಿ. ನೀವು ಗಜೇಂದ್ರಗಡದವರಾದರೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುವ ಕಡೆ ನಿಲ್ಲಿ. ರೋಣ, ನರಗುಂದದವರಿಗೆ ಶಾಲೆಯ ಬಯಲಿನಾಚೆಯ ವಿದ್ಯುತ್ ಕಂಬಗಳಾದರೂ ಸಾಕು. ಒಂದು ಕಣ್ಣು ಮುಚ್ಚಿ, ರಟ್ಟನ್ನು ಕಣ್ಣಿನಿಂದ 60 ಸೆಂ.ಮೀ. ದೂರದಲ್ಲಿ ಹಿಡಿದು, ಕಿಂಡಿಯೊಳಗೆ ಎಷ್ಟು ಕಂಬಗಳು ಕಾಣುತ್ತವೆ ಎಂದು ಎಣಿಸಿ. ಈಗ ರಟ್ಟನ್ನು 30 ಸೆಂ.ಮೀ.ಗೆ ತಂದು ಮತ್ತೆ ಎಣಿಸಿ. ಕಿಂಡಿ ಅದೇ, ಕಣ್ಣೂ ಅದೇ. ಎಣಿಕೆ ಮಾತ್ರ ಹೆಚ್ಚುಕಡಿಮೆ ಇಮ್ಮಡಿಯಾಗಿರುತ್ತದೆ.

ಗುಂಡು ನಿರೋಧಕ ಗುರಾಣಿ ಹಿಡಿದು ನಿಂತ ಪೊಲೀಸ್ ಅಥವಾ ಸೇನಾ ಸಿಬ್ಬಂದಿಯ ಸಮಸ್ಯೆ ಇದೇ. ಗುರಾಣಿಯ ಬಹುಭಾಗ ಅಪಾರಕ. ನೋಡಲು ಇರುವುದು ಮೇಲ್ಭಾಗದ ಒಂದು ಕಿಂಡಿ, ಅದರಲ್ಲಿ ದಪ್ಪ ಗಾಜು. ಎದುರಿನವನ ಕೈಯಲ್ಲಿರುವುದು ಕೋಲೋ ಬಂದೂಕೋ, ಪಕ್ಕದಿಂದ ಓಡಿಬಂದದ್ದು ದಾಳಿಕಾರನೋ ಹೆದರಿದ ಮಗುವೋ ಎಂಬುದನ್ನು ಆ ಕಿಂಡಿಯಲ್ಲೇ ನೋಡಿ, ಕ್ಷಣದಲ್ಲಿ ತೀರ್ಮಾನಿಸಬೇಕು. ತಪ್ಪಿದರೆ ಯಾರದಾದರೂ ಪ್ರಾಣ ಹೋಗುತ್ತದೆ. ನರಗುಂದದ ಓದುಗರಿಗೆ ಇದರ ಗಂಭೀರತೆಯನ್ನು ವಿವರಿಸಬೇಕಾಗಿಲ್ಲ. 1980ರ ಜುಲೈ 21ರಂದು ರೈತ ಚಳವಳಿಯ ವೇಳೆ ಅಲ್ಲಿ ಗೋಲಿಬಾರ್ ನಡೆದು ಜೀವಹಾನಿಯಾಯಿತು. ಅದರ ಕಾರಣಗಳು ಬೇರೆ, ಅವು ಗುರಾಣಿಗೆ ಸಂಬಂಧಿಸಿದವಲ್ಲ. ಆದರೆ ಜನರ ಎದುರು ನಿಂತವರಿಗೆ ಜನ ಸ್ಪಷ್ಟವಾಗಿ ಕಾಣುವುದು ಎರಡೂ ಕಡೆಯವರಿಗೆ ಬೇಕಾದದ್ದು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಿ. ಗಲಭೆ ನಿಯಂತ್ರಣದ ವೇಳೆ ನೀವು ನೋಡಿರುವ ಪೂರ್ಣ ಪಾರಕವಾದ ಗುರಾಣಿ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನದು. ಅದು ಕಲ್ಲನ್ನು ತಡೆಯುತ್ತದೆ, ಗುಂಡನ್ನಲ್ಲ. 160 ಗ್ರಾಂ ತೂಕದ ಕ್ರಿಕೆಟ್ ಚೆಂಡು ಸೆಕೆಂಡಿಗೆ 40 ಮೀಟರ್ ವೇಗದಲ್ಲಿ ಬಂದರೆ ಅದರ ಚಲನಶಕ್ತಿ 128 ಜೂಲ್. 8 ಗ್ರಾಂ ತೂಕದ 9 ಮಿ.ಮೀ. ಪಿಸ್ತೂಲು ಗುಂಡು ಸೆಕೆಂಡಿಗೆ 360 ಮೀಟರ್ ವೇಗದಲ್ಲಿದ್ದರೆ ಸುಮಾರು 520 ಜೂಲ್. ನಾಲ್ಕು ಪಟ್ಟು ಮಾತ್ರ ಹೆಚ್ಚು ಎನ್ನಿಸಬಹುದು. ಆದರೆ ಗುಂಡಿನ ಅಡ್ಡಕೊಯ್ತದ ವಿಸ್ತೀರ್ಣ ಚೆಂಡಿನದಕ್ಕಿಂತ 60 ಪಟ್ಟಿಗೂ ಹೆಚ್ಚು ಚಿಕ್ಕದು. ಚದರ ಸೆಂಟಿಮೀಟರಿಗೆ ಲೆಕ್ಕ ಹಾಕಿದರೆ ಅಂತರ ಸುಮಾರು 250 ಪಟ್ಟು! ಇದನ್ನು ತಡೆಯಲು ಗಾಜು ಮತ್ತು ಪಾಲಿಕಾರ್ಬೊನೇಟುಗಳನ್ನು ಪದರ ಪದರವಾಗಿ ಅಂಟಿಸುತ್ತಾರೆ. ಮುಂದಿನ ಗಡಸು ಗಾಜು ತಾನು ಪುಡಿಯಾಗುತ್ತ ಗುಂಡನ್ನು ಚಪ್ಪಟೆಗೊಳಿಸುತ್ತದೆ. ಹಿಂದಿನ ಪಾಲಿಕಾರ್ಬೊನೇಟು ಬಾಗಿ, ಚೂರುಗಳು ಮುಖಕ್ಕೆ ಸಿಡಿಯದಂತೆ ಹಿಡಿದಿಡುತ್ತದೆ.

ಹಾಗಾದರೆ ಕಿಂಡಿಯನ್ನೇ ದೊಡ್ಡದು ಮಾಡಬಾರದೆ? ಮಾಡಬಹುದು, ತೂಕ ಹೊರುವವರಿದ್ದರೆ. ನಮ್ಮ ಕಿಂಡಿಗೆ 3 ಸೆಂ.ಮೀ. ದಪ್ಪದ ಗಾಜು ಕೂರಿಸಿದರೆ ಅದೊಂದೇ ಸುಮಾರು ಎರಡೂಕಾಲು ಕಿಲೊಗ್ರಾಂ. ಎತ್ತರ ಇಮ್ಮಡಿಸಿದರೆ ನಾಲ್ಕೂವರೆ, ಅದೂ ಗುರಾಣಿಯ ತಲೆಯ ಭಾಗದಲ್ಲಿ. ಹಿಡಿದ ತೋಳು ಬೇಗ ಸೋಲುತ್ತದೆ. ಇದರ ಬದಲು ಕಣ್ಣನ್ನು ಹತ್ತಿರ ತರುವುದು ಪುಕ್ಕಟೆ ಉಪಾಯ. ಸಮರೂಪ ತ್ರಿಭುಜಗಳನ್ನು ಬರೆದು ನೋಡಿ. ಕಿಂಡಿ 60 ಸೆಂ.ಮೀ. ದೂರದಲ್ಲಿದ್ದಾಗ ನೋಟದ ಕೋನ ಅಡ್ಡಡ್ಡವಾಗಿ 28°. ಕಣ್ಣಿನಿಂದ 10 ಮೀಟರ್ ದೂರದಲ್ಲಿ 5 ಮೀಟರ್ ಅಗಲದ ದೃಶ್ಯ ಕಾಣುತ್ತದೆ. 30 ಸೆಂ.ಮೀ.ಗೆ ತಂದರೆ ಕೋನ 53°, ಅಗಲ 10 ಮೀಟರ್. ಗುರಾಣಿಯ ಹಿಡಿಯನ್ನು ಎಲ್ಲಿ, ಎಷ್ಟು ಉದ್ದಕ್ಕೆ ಕೂರಿಸಿದ್ದಾರೆ ಎಂಬುದು ಗಾಜಿನ ಅಳತೆಯಷ್ಟೇ ಮುಖ್ಯ ಎನ್ನುವುದು ಇದರಿಂದಲೇ.

ಕಿಂಡಿಯ ಅಂಚಿನ ದಪ್ಪವೂ ನೋಟವನ್ನು ಕತ್ತರಿಸುತ್ತದೆ. ಹಳೆಯ ಕೋಟೆ ಕಟ್ಟಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಬಂದೂಕಿಗೆಂದು ಗೋಡೆಯಲ್ಲಿ ಬಿಟ್ಟ ಕಂಡಿಗಳನ್ನು ಎಷ್ಟೋ ಕಡೆ ಹೊರಗೆ ಕಿರಿದಾಗಿ, ಒಳಗೆ ಅಗಲವಾಗಿ ಕಟ್ಟಿದ್ದಾರೆ. 60 ಸೆಂ.ಮೀ. ದಪ್ಪದ ಗೋಡೆಯಲ್ಲಿ 10 ಸೆಂ.ಮೀ. ಅಗಲದ ನೇರ ಕಂಡಿ ಇದ್ದರೆ, ಅತ್ತಿತ್ತ ಸರಿದು ನೋಡಿದರೂ ಒಟ್ಟು 19° ಮಾತ್ರ ಕಾಣುತ್ತದೆ. ಒಳಬಾಯಿಯನ್ನು 60 ಸೆಂ.ಮೀ.ಗೆ ಅಗಲಿಸಿದರೆ 60° ಕಾಣುತ್ತದೆ. ಹೊರಗಿನ ಶತ್ರುವಿಗೆ ಗುರಿ ಮಾತ್ರ ಮೊದಲಿನ 10 ಸೆಂ.ಮೀ. ಮುಂದಿನ ಸಲ ಕೋಟೆಗೆ ಪ್ರವಾಸ ಹೋದಾಗ ಮಕ್ಕಳ ಕೈಗೆ ಅಳತೆಪಟ್ಟಿ ಕೊಡಿ. ಇಸವಿಗಳ ಜೊತೆಗೆ ತ್ರಿಕೋನಮಿತಿಯೂ ಸಿಗುತ್ತದೆ. ಗುರಾಣಿಯ ಕಿಂಡಿಯ ಒಳ ಚೌಕಟ್ಟನ್ನು ಇಳಿಜಾರಾಗಿಸಿದರೂ ಇದೇ ಲಾಭ.

ಗಾಜು ತಾನೇ ಸ್ವಲ್ಪ ಸಹಾಯ ಮಾಡುತ್ತದೆ. ಬಾವಿಯ ತಳ ಮೇಲೆದ್ದಂತೆ ಕಾಣುವುದಿಲ್ಲವೆ? ಹಾಗೆಯೇ 1.52 ವಕ್ರೀಭವನಾಂಕದ ಗಾಜು ತುಂಬಿದಾಗ 3 ಸೆಂ.ಮೀ. ಆಳದ ಕಿಂಡಿ ಕಣ್ಣಿಗೆ 2 ಸೆಂ.ಮೀ. ಆಳದ್ದಾಗಿ ವರ್ತಿಸುತ್ತದೆ.

ದಪ್ಪ ಗಾಜು ವಸ್ತುವಿನ ಸ್ಥಾನವನ್ನೇ ತಪ್ಪಾಗಿ ತೋರಿಸೀತು ಎಂಬ ಹೆದರಿಕೆ ಸಹಜ. ಪಿ.ಯು. ಪ್ರಯೋಗಶಾಲೆಯಲ್ಲಿ ಗುಂಡುಸೂಜಿ ನೆಟ್ಟು ಅಳೆದ ಪಾರ್ಶ್ವ ಪಲ್ಲಟ ನೆನಪಿರಬೇಕು. 3 ಸೆಂ.ಮೀ. ಗಾಜಿನ ಮೇಲೆ ಬೆಳಕು 30° ಕೋನದಲ್ಲಿ ಬಿದ್ದರೆ ಪಲ್ಲಟ ಸುಮಾರು 6 ಮಿ.ಮೀ. ವಸ್ತು 5 ಮೀಟರ್ ದೂರದಲ್ಲಿರಲಿ, 50 ಮೀಟರ್ ದೂರದಲ್ಲಿರಲಿ, ಅಷ್ಟೇ. ಅದನ್ನು ಮರೆಯಬಹುದು. ನಿಜವಾದ ಅಪಾಯ ಗಾಜಿನ ಎರಡು ಮುಖಗಳು ಸಮಾಂತರವಾಗಿಲ್ಲದಿದ್ದಾಗ. ಆಗ ಅದು ತೆಳು ಪಟ್ಟಕದಂತೆ ಬೆಳಕನ್ನೇ ತಿರುಗಿಸುತ್ತದೆ. ಮುಖಗಳ ನಡುವೆ ಬರೀ 1° ಕೋನವಿದ್ದರೂ ವಿಚಲನೆ 0.52°. 20 ಮೀಟರ್ ದೂರದ ವಸ್ತು 18 ಸೆಂ.ಮೀ. ಪಕ್ಕಕ್ಕೆ ಸರಿದಂತೆ ಕಾಣುತ್ತದೆ, ದೂರ ಹೆಚ್ಚಿದಂತೆ ತಪ್ಪೂ ಬೆಳೆಯುತ್ತದೆ. ಆದ್ದರಿಂದ ಒಳ್ಳೆಯ ಕಿಂಡಿಗಾಜಿನ ಲಕ್ಷಣ ತೆಳುತನವಲ್ಲ, ಸಮಾಂತರತೆ.

ಇನ್ನು ಬೆಳಕಿನ ನಷ್ಟ. ಗಾಳಿ ಮತ್ತು ಗಾಜು ಕೂಡುವ ಪ್ರತಿ ಮುಖದಲ್ಲೂ ಶೇ. 4ಕ್ಕಿಂತ ತುಸು ಹೆಚ್ಚು ಬೆಳಕು ಪ್ರತಿಫಲಿಸುತ್ತದೆ. ನಾಲ್ಕು ಗಾಜುಗಳನ್ನು ಸುಮ್ಮನೆ ಒತ್ತಾಗಿಟ್ಟರೆ ಎಂಟು ಮುಖಗಳು, ಸುಮಾರು ಕಾಲುಭಾಗ ಬೆಳಕು ಖೋತಾ. ಸೂಕ್ಷ್ಮದರ್ಶಕದ ನಾಲ್ಕು ಸ್ಲೈಡುಗಳನ್ನು ಹೀಗಿಟ್ಟು ನೋಡಿ, ಆಮೇಲೆ ನಡುವೆ ಒಂದೊಂದು ಹನಿ ಶೇಂಗಾ ಎಣ್ಣೆ ಬಿಟ್ಟು ಒತ್ತಿ. ಮಂಕು ಹೋಗುತ್ತದೆ, ಏಕೆಂದರೆ ಎಣ್ಣೆಯ ವಕ್ರೀಭವನಾಂಕ ಗಾಜಿನದಕ್ಕೆ ಬಹಳ ಸಮೀಪ. ಪದರ ಗಾಜಿನ ನಡುವಿನ ಪಾಲಿವಿನೈಲ್ ಬ್ಯುಟಿರಾಲ್ ಅಂಟು ಮಾಡುವುದೂ ಇದನ್ನೇ. ಸಾಮಾನ್ಯ ಗಾಜಿನ ಹಸಿರು ಛಾಯೆಗೆ ಕಾರಣ ಅದರಲ್ಲಿನ ಕಬ್ಬಿಣದ ಅಂಶ. ದಪ್ಪ ಹೆಚ್ಚಿದಂತೆ ಅದೂ ಗಾಢವಾಗುವುದರಿಂದ ಕಬ್ಬಿಣ ಕಡಿಮೆಯಿರುವ ಗಾಜು ಮೇಲು.

ಆದರೆ ಕಣ್ಣನ್ನು ಹೆಚ್ಚು ಮೋಸಗೊಳಿಸುವುದು ಕಳೆದುಹೋದ ಬೆಳಕಲ್ಲ, ಬೇಡದೆ ಬಂದ ಬೆಳಕು. ರಾತ್ರಿ ಗದಗದಿಂದ ರೋಣಕ್ಕೆ ಹೋಗುವ ಬಸ್ಸಿನಲ್ಲಿ ಒಳದೀಪ ಹೊತ್ತಿದ್ದರೆ ಕಿಟಕಿಯಲ್ಲಿ ಹೊಲ ಕಾಣುವುದಿಲ್ಲ, ನಿಮ್ಮ ಮುಖ ಕಾಣುತ್ತದೆ. ಗಾಜಿನ ಎರಡು ಮುಖಗಳು ಸೇರಿ ಒಳಗಿನ ಬೆಳಕಿನ ಶೇ. 8ರಷ್ಟನ್ನು ಹಿಂದಿರುಗಿಸುತ್ತವೆ. ಒಳಗು ಹೊರಗಿಗಿಂತ ಹತ್ತು ಪಟ್ಟು ಪ್ರಕಾಶವಾಗಿದ್ದರೆ ಈ ಪ್ರತಿಬಿಂಬ ಹೊರಗಿನ ದೃಶ್ಯದಷ್ಟೇ ಉಜ್ವಲ. ಗುರಾಣಿ ಹಿಡಿದವರ ಬೆನ್ನಿಗೆ ವಾಹನದ ದೀಪವಿದ್ದರೆ ಹೀಗೆಯೇ ಆಗುತ್ತದೆ. ಗಾಜಿನ ಮೇಲೆ ಸುಮಾರು 100 ನ್ಯಾನೊಮೀಟರ್ ದಪ್ಪದ ಮೆಗ್ನೀಸಿಯಂ ಫ್ಲೋರೈಡ್ ಲೇಪ ಕೊಟ್ಟರೆ ವ್ಯತಿಕರಣದಿಂದ ಪ್ರತಿ ಮುಖದ ಪ್ರತಿಫಲನ ಶೇ. 1.5ಕ್ಕಿಂತ ಕೆಳಗಿಳಿಯುತ್ತದೆ. ಅಷ್ಟು ಖರ್ಚಿಲ್ಲದೆಯೂ ಗುರಾಣಿಯ ಒಳಮೈಗೆ ಹೊಳಪಿಲ್ಲದ ಕಪ್ಪು ಬಣ್ಣ, ಕಿಂಡಿಯ ಸುತ್ತ ಒಂದು ಮರೆ, ಬೆನ್ನಹಿಂದಿನ ದೀಪ ಆರಿಸುವುದು, ಇಷ್ಟು ಮಾಡಿದರೆ ಅರ್ಧ ಕೆಲಸ ಆದಂತೆ. ಇಂಥ ಅಗ್ಗದ ಉಪಾಯಗಳು ಮೊದಲು ಮರೆತುಹೋಗುತ್ತವೆ!

ಕಿಂಡಿಯ ಬದಲು ಕ್ಯಾಮೆರಾ ಮತ್ತು ಪುಟ್ಟ ಪರದೆ ಇಡಬಹುದು, ಇಲ್ಲವೆ ಮಕ್ಕಳು ಮಾಡುವ ಪರಿದರ್ಶಕದಂತೆ ಎರಡು ಕನ್ನಡಿ ಬಳಸಬಹುದು. ಮುಖ ಪೂರ್ತಿ ಮರೆಯಲ್ಲಿರುತ್ತದೆ ನಿಜ. ಆದರೆ ಬ್ಯಾಟರಿ ಮುಗಿದರೆ ಕ್ಯಾಮೆರಾ ಕುರುಡು, ಕನ್ನಡಿ ಒಡೆದರೆ ಪರಿದರ್ಶಕ ವ್ಯರ್ಥ. ಗಾಜಿನ ಕಿಂಡಿಗೆ ಪೂರಕವಾಗಿ ಸರಿ, ಬದಲಿಯಾಗಿ ಬೇಡ ಎಂಬುದು ನನ್ನ ಅಭಿಪ್ರಾಯ.

ಪಾಲಿಕಾರ್ಬೊನೇಟಿನ ಮೇಲಿನ ಗೀರುಗಳ ವಿಷಯ ನಿಮಗೂ ಸೇರಿದ್ದು. ಹೆಲ್ಮೆಟ್ಟಿನ ಮುಂಗಾಜು ಸಾಮಾನ್ಯವಾಗಿ ಇದೇ ವಸ್ತುವಿನದು. ಗಾಜಿಗಿಂತ ಮೃದುವಾದ್ದರಿಂದ ದೂಳು ಕೂತಾಗ ಒಣಬಟ್ಟೆಯಲ್ಲಿ ಉಜ್ಜಿದರೆ ಮರಳಿನ ಕಣಗಳು ಗೀರುತ್ತವೆ. ಸಂಜೆ ಸೂರ್ಯನಿಗೆ ಎದುರಾಗಿ ಹೋಗುವಾಗ ಆ ಗೀರುಗಳು ಬೆಳಕನ್ನು ಚದರಿಸಿ ರಸ್ತೆಯನ್ನೇ ಮರೆಮಾಡುತ್ತವೆ. ಮೊದಲು ನೀರು ಸುರಿದು ದೂಳು ತೊಳೆಯಿರಿ, ನಂತರ ಮೆತ್ತನೆಯ ಒದ್ದೆ ಬಟ್ಟೆಯಿಂದ ಒರೆಸಿ. ಪೆಟ್ರೋಲು, ಅಸಿಟೋನು ಬೇಡ, ಅವು ಈ ಪ್ಲಾಸ್ಟಿಕ್ಕಿನಲ್ಲಿ ನವಿರು ಬಿರುಕುಗಳನ್ನು ಉಂಟುಮಾಡುತ್ತವೆ. ಉಸಿರಿನ ಮಂಜು ಕಟ್ಟುತ್ತಿದ್ದರೆ ಒಳಮೈಗೆ ಸಾಬೂನು ನೀರು ತೆಳ್ಳಗೆ ಸವರಿ ಒರೆಸಿ. ಮೇಲ್ಮೈ ಎಳೆತ ಕಡಿಮೆಯಾಗಿ ನೀರು ಹನಿಗಟ್ಟುವ ಬದಲು ಪೊರೆಯಾಗಿ ಹರಡುತ್ತದೆ, ಪೊರೆ ಬೆಳಕನ್ನು ಚದರಿಸುವುದಿಲ್ಲ. ಹೊಸ ಮುಂಗಾಜು ಕೊಳ್ಳುವಾಗ ಅದರ ಮೂಲಕ ದೂರದ ಕಂಬವೊಂದನ್ನು ನೋಡುತ್ತ ಮುಂಗಾಜನ್ನು ನಿಧಾನವಾಗಿ ಅತ್ತಿತ್ತ ಸರಿಸಿ. ಕಂಬ ಬಳುಕಿದರೆ ಮುಖಗಳು ಸಮಾಂತರವಾಗಿಲ್ಲ. ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.